ಏಳು ಬಿಲ್ಲೆಯ ಸರ

"ತನ್ನದಲ್ಲದ್ದನ್ನು ಒಬ್ಬ ಮಾರಿದ. ಯಾರದೆಂದು ಕೇಳದೆ ಇನ್ನೊಬ್ಬ ಕೊಂಡ. ಇಬ್ಬರೂ ಕಳ್ಳರು" ಎಂದರು ಗುರುಗಳು.

ಶಿಷ್ಯನಿಗೆ ಈ ಮಾತು ಚುಚ್ಚಿತು. ಅವನು ಬ್ರಿಟಿಷರ ಕಾಲದ ಪದಕ, ಬಿರುದಿನ ಬಿಲ್ಲೆಗಳನ್ನು ಕೂಡಿಸುವವನು. ಅವನು ಕೇಳಿದ:

"ಗುರುಗಳೇ, ಮಾರಿದವನು ಕಳ್ಳ, ಒಪ್ಪಿದೆ. ಕೊಂಡವನು ಹೇಗೆ ಕಳ್ಳ? ಅವನು ಬೆಲೆ ಕೊಟ್ಟಿದ್ದಾನೆ. ಕಿಲುಬು ಹಿಡಿಯದಂತೆ ಗಾಜಿನೊಳಗೆ ಇಟ್ಟಿದ್ದಾನೆ. ಅವನಿಲ್ಲದಿದ್ದರೆ ಆ ವಸ್ತು ಯಾವುದೋ ಕುಲುಮೆಯಲ್ಲಿ ಕರಗಿ ತಂಬಿಗೆಯಾಗುತ್ತಿತ್ತು. ಕಾಪಾಡಿದವನನ್ನು ಕಳ್ಳ ಎನ್ನುವುದು ಯಾವ ನ್ಯಾಯ?"

"ಕೂತುಕೋ" ಎಂದರು ಗುರುಗಳು. "ಒಬ್ಬ ವರ್ತಕನ ಕತೆ ಹೇಳುತ್ತೇನೆ."

ಒಂದು ಪೇಟೆಯಲ್ಲಿ ಒಬ್ಬ ಅರಳೆ ವರ್ತಕನಿದ್ದ. ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಅವನಿಗೆ ಇದ್ದದ್ದು ಒಂದೇ ಹುಚ್ಚು, ಬ್ರಿಟಿಷರು ಹಂಚಿಹೋದ ಪದಕಗಳ ಹುಚ್ಚು. ರಾವ್ ಬಹದ್ದೂರರ ಕೊರಳ ಬಿಲ್ಲೆ, ದರ್ಬಾರಿನ ಪದಕ, ಪಟ್ಟಾಭಿಷೇಕದ ಪದಕ, ಕಚೇರಿ ಜವಾನನ ಡವಾಲಿ, ಯಾವುದನ್ನೂ ಬಿಟ್ಟವನಲ್ಲ. ಪಡಸಾಲೆಯ ನಾಲ್ಕೂ ಗೋಡೆಗೆ ಗಾಜಿನ ಪೆಟ್ಟಿಗೆಗಳು ಬಂದವು. ಗೋಡೆ ಮುಗಿದ ಮೇಲೆ ನೆಲಕ್ಕೂ ಬಂದವು. ಮನೆಗೆ ಬಂದ ಹೆಂಗಸರನ್ನು ಅವನ ಹೆಂಡತಿ ಅಡುಗೆಮನೆಯಲ್ಲಿ ಕೂರಿಸುತ್ತಿದ್ದಳು.

"ಏನ ಮಾಡೋದ್ರಿ," ಎನ್ನುತ್ತಿದ್ದಳು. "ನಮ್ಮ ಪಡಸಾಲಿಯೊಳಗ ರಾಜರಿಗಷ್ಟ ಜಾಗಾ ಐತಿ. ಮಂದಿಗಿಲ್ಲ."

ಪದಕ ಕೂಡಿಸುವವರಿಗೆ ಒಂದು ಪದ್ಧತಿ ಉಂಟು. ಅವರು ಪದಕದ ಮುಖ ನೋಡುವುದಿಲ್ಲ, ಮೊದಲು ಅಂಚು ನೋಡುತ್ತಾರೆ. ಮುಖದ ಮೇಲೆ ಇರುವವನು ಕೊಟ್ಟವನು. ಅಂಚಿನ ಮೇಲೆ ಇರುವವನು ಪಡೆದವನು. ಸಿಂಹಾಸನದಲ್ಲಿ ಕೂತು ಕೊಟ್ಟವನ ತಲೆಗೆ ಇಡೀ ಬಿಲ್ಲೆ. ಮಣ್ಣಲ್ಲಿ ಬಿದ್ದು ಪಡೆದವನಿಗೆ ಒಂದು ಅಂಚು, ಅದರಲ್ಲಿ ಇರುವೆ ಸಾಲಿನಷ್ಟು ಅಕ್ಷರ. ಆ ಸಾಲನ್ನು ಭೂತಗನ್ನಡಿಯಲ್ಲಿ ಓದಲು ಬಂದರೆ ಪದಕಕ್ಕೆ ಬೆಲೆ. ಸವೆದುಹೋಗಿದ್ದರೆ ಅದು ಬರೀ ಲೋಹ.

ಒಂದು ದಿನ ಪಕ್ಕದ ಹಳ್ಳಿಯ ಮಲ್ಲೇಶಿ ಎಂಬವನು ಅರಿವೆಯಲ್ಲಿ ಸುತ್ತಿಕೊಂಡು ಒಂದು ಸರ ತಂದ. ಕರಿ ದಾರ, ನಡುನಡುವೆ ಗಾಜಿನ ಮಣಿ, ಏಳು ಕಂಚಿನ ಪದಕ. ಏಳೂ ಒಂದೇ ಬಗೆಯವು. ಮೊದಲ ಮಹಾಯುದ್ಧಕ್ಕೆ ಹೊರೆ ಹೊರಲು ಕರೆದೊಯ್ದವರಿಗೆ ಸರಕಾರ ಕೊಟ್ಟವು. ಹಳ್ಳಿಯವರು ಮೇಲಿನ ಕೊಂಡಿ ಮುರಿದು ಉಂಗುರ ಬೆಸೆದಿದ್ದರು. ಒಂದು ಮಗ್ಗುಲಲ್ಲಿ ರಾಜನ ಮುಖ ತೊರೆಯ ಕಲ್ಲಿನ ಹಾಗೆ ನುಣ್ಣಗಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಏನೋ ಹಳದಿ ಮೆತ್ತಿಕೊಂಡಿತ್ತು.

ಇದು ಯಾರ ಕೊರಳಿನದು ಎಂದು ವರ್ತಕ ಕೇಳಬೇಕಿತ್ತು. ಕೇಳಲಿಲ್ಲ. ಅಂಚು ನೋಡಿದ. ಏಳರಲ್ಲಿ ಏಳೂ ಹೆಸರು ಉಳಿದಿದ್ದವು.

"ಎಲ್ಲಾರೂ ನಮ್ಮೂರವ್ರ ರೀ" ಎಂದ ಮಲ್ಲೇಶಿ.

ಒಂದೇ ಊರಿನ ಏಳು ಮಂದಿ! ಇಂಥದು ಯಾವ ಸಂಗ್ರಹದಲ್ಲೂ ಇರಲಿಲ್ಲ. ವರ್ತಕನಿಗೆ ಅಂಗಡಿಯಲ್ಲೇ ಕುಣಿಯಬೇಕು ಅನ್ನಿಸಿತು.

ಅಂದೇ ಕೂತು ದಾರ ಕತ್ತರಿಸಿದ. ಮಣಿಗಳನ್ನು ಬಿಸಾಡಿದ. ಅಂಟವಾಳದ ನೀರಿನಲ್ಲಿ ನೆನೆಸಿ, ಮೆತ್ತನೆಯ ಕುಂಚದಿಂದ ಹಳದಿಯನ್ನೆಲ್ಲ ತೊಳೆದ. ಹಳದಿಯ ಕೆಳಗೆ ಕುದುರೆ ಸವಾರನಿದ್ದ. ಕೈಯಲ್ಲಿ ಕತ್ತಿ, ಕುದುರೆಯ ಕಾಲಡಿ ತಲೆಬುರುಡೆ, ಮೈಮೇಲೆ ನೂಲೆಳೆಯೂ ಇಲ್ಲ. ರಾಜನ ಮುಖವಂತೂ ಹೋಗಿತ್ತು, ಅದಕ್ಕೆ ಸವಾರನನ್ನೇ ಮುಂದೆ ಮಾಡಿದ. ವಿಲಾಯತಿಯಿಂದ ತರಿಸಿದ ರೇಷ್ಮೆ ಪಟ್ಟಿಗೆ ಒಂದೊಂದನ್ನು ಹೊಲಿಸಿದ. ಅಂಚಿನ ಸಂಖ್ಯೆ ನೋಡಿ ಸಾಲು ಬದಲಿಸಿದ. ಮಕಮಲ್ಲಿನಲ್ಲಿ ಒತ್ತಿ ಕೂರಿಸಿ, ಗಾಜು ಮುಚ್ಚಿ, ಬೀಗ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಮುಂದಿನ ಸಂತೆಯ ದಿನ ಒಬ್ಬ ಮುದುಕಿ ಬಂದು ಕಟ್ಟೆಯ ಮೇಲೆ ಕೂತಳು. ಹೆಸರು ಬಾಳವ್ವ. ಸರ ಹುಡುಕಿಕೊಂಡು ಮಲ್ಲೇಶಿಯ ಬೆನ್ನು ಹತ್ತಿ, ಅವನ ಬಾಯಿ ಬಿಡಿಸಿ ಬಂದಿದ್ದಳು.

"ಕೊಡ್ರಿ ಸಾವಕಾರ್ರ. ಮೊಮ್ಮಗಳು ಕಸ್ತೂರಿದು ಮದುವಿ ಐತಿ."

"ಅದನ್ನ ನಾ ಕೊಂಡೇನಿ, ಆಯಿ."

"ಕೊಂಡೀರಿ. ಏನ ಕೊಂಡೀರಿ ಅಂತ ಗೊತ್ತೈತೇನು?"

ಬಾಳವ್ವ ಹೇಳಿದಳು. ಅವರ ಊರಿನಿಂದ ಏಳು ಮಂದಿಯನ್ನು ದಂಡಿನ ಹೊರೆ ಹೊರಲು ಹಡಗು ಹತ್ತಿಸಿದ್ದರು. ಆರು ಮಂದಿ ತಿರುಗಿ ಬಂದರು. ಏಳನೆಯವನು ಅಡಿವೆಪ್ಪ, ಬಾಳವ್ವನ ತಂದೆ. ಅವನು ಬರಲಿಲ್ಲ, ಟಪಾಲಿನಲ್ಲಿ ಅವನ ಬಿಲ್ಲೆ ಬಂತು. ಬಂದೂಕು ಹಿಡಿದವರಿಗೆ ಬೆಳ್ಳಿ ಕೊಟ್ಟಿದ್ದರು, ಹೊರೆ ಹೊತ್ತವರಿಗೆ ಕಂಚು. ಸಾವನ್ನು ಮಾತ್ರ ಧಣಿಗಳು ಭೇದ ಮಾಡದೆ ಹಂಚಿದ್ದರು. ಬಾಳವ್ವನ ಮದುವೆ ಗೊತ್ತಾದಾಗ ಮನೆಯಲ್ಲಿ ಬಂಗಾರವೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ಆಗ ಆ ಆರು ಮಂದಿ ತಮ್ಮ ಬಿಲ್ಲೆ ಬಿಚ್ಚಿ, ಅಡಿವೆಪ್ಪನದನ್ನೂ ಕೂಡಿಸಿ, ಸರ ಮಾಡಿ ಅವಳ ಕೊರಳಿಗೆ ಹಾಕಿದರು. 'ಅಪ್ಪ ಇಲ್ಲ ಅನಬ್ಯಾಡ ಮಗಳ, ಏಳು ಮಂದಿ ಅಪ್ಪಂದಿರು ಬಂದೇವಿ' ಅಂದರು. ಅವರಲ್ಲಿ ಒಬ್ಬ ಹುಸೇನಿ, ಒಬ್ಬ ಕೇರಿಯ ದುರಗಪ್ಪ. ಎಲ್ಲರನ್ನೂ ಒಂದೇ ಬಾವಿಯ ನೀರು ಸೇದಲು ಬಿಡದ ಊರು ಅದು. ಅಂಥ ಊರಿನಲ್ಲಿ ಆ ಏಳು ಮಂದಿ ಒಂದು ದಾರದಲ್ಲಿ ಕೂತರು. ಅಂದಿನಿಂದ ಆ ಊರಿನ ಯಾವ ಮನೆಯ ಹುಡುಗಿಯಾಗಲಿ, ಯಾವ ಜಾತಿಯವಳಾಗಲಿ, ಆ ಸರ ಹಾಕಿಕೊಂಡೇ ಮದುವೆಯಾಗಬೇಕು. ಅಕ್ಷತೆಗೆ ಮುಂಚೆ ಒಂದೊಂದು ಬಿಲ್ಲೆ ಮುಟ್ಟಿ ಹೆಸರು ಕೂಗುತ್ತಾರೆ. ಕೂಡಿದ ಮಂದಿ 'ಬಂದಾನ' ಅನ್ನಬೇಕು. ಏಳೂ ಮಂದಿ ಬಂದ ಮೇಲೆಯೇ ಅಕ್ಷತೆ.

ವರ್ತಕ ಕೇಳಿದ. ಅವನಿಗೂ ಕರುಳಿತ್ತು. ಆದರೆ ಕೀಲಿಕೈಯೂ ಇತ್ತು.

"ನೋಡ ಆಯಿ," ಎಂದ. "ನಿಮ್ಮ ಹೆಣ್ಣುಮಕ್ಕಳ ಮೈಗೆ ತಿಕ್ಕಿ ತಿಕ್ಕಿ ರಾಜನ ಮೂಗ ಹೋಗೇತಿ. ಇನ್ನ ನಾಕ ಮದುವಿ ಆದ್ರ ಹೆಸರೂ ಹೋಗ್ತಾವ. ನನ್ನ ಹಂತೇಕ ಇದ್ರ ನೂರ ವರ್ಷ ಇರ್ತಾವ."

"ನೂರ ವರ್ಷ ಇದ್ದು ಏನ ಮಾಡತಾವ್ರಿ?"

ವರ್ತಕ ಉಡಿದಾರದ ಕೀಲಿಕೈ ಮುಟ್ಟಿ ನೋಡಿಕೊಂಡ. ಮುದುಕಿಯನ್ನು ಹಾಗೇ ಕಳಿಸಲು ನಾಚಿಕೆಯೂ ಆಯಿತು. ಆದ್ದರಿಂದ ದೊಡ್ಡ ಮನಸ್ಸು ಮಾಡಿ ಹೇಳಿದ: "ಕೊಡಾಕಂತೂ ಆಗಂಗಿಲ್ಲ. ಆದ್ರ ಯಾವಾಗ ಬೇಕಾದ್ರೂ ಬಂದು ನೋಡ. ಯಾರನ್ನ ಬೇಕಾದ್ರೂ ಕರಕೊಂಡ ಬಾ. ನಾ ಬ್ಯಾಡ ಅನ್ನಂಗಿಲ್ಲ."

"ಯಾವಾಗ ಬೇಕಾದ್ರೂ?"

"ಹೂಂ."

"ಯಾರನ್ನ ಬೇಕಾದ್ರೂ?"

"ಹೂಂ ಅಂದ್ನೆಲ್ಲ!"

ಬಾಳವ್ವ ಎದ್ದು ಸೆರಗು ಕೊಡವಿದಳು. "ನೀವು ಮಾತಿನ ಮನಷ್ಯಾರದೀರಿ ಅಂತ ಪ್ಯಾಟಿ ತುಂಬ ಅಂತಾರ. ಬರ್ತೀನ್ರಿ."

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ವರ್ತಕ ರುಮಾಲು ಸುತ್ತಿಕೊಳ್ಳುತ್ತಿದ್ದ. ಬೀದಿಯ ಕೊನೆಯಲ್ಲಿ ಹಲಗೆ, ಸನಾದಿ ಕೇಳಿಸಿತು.

"ಯಾರದೋ ದಿಬ್ಬಣ ಹೊಂಟೈತಿ" ಎಂದ ಹೆಂಡತಿಗೆ.

ದಿಬ್ಬಣ ಅವನ ಬಾಗಿಲ ಮುಂದೆ ನಿಂತಿತು. ಮೊದಲ ಬಂಡಿಯಿಂದ ಬಾಳವ್ವ ಇಳಿದಳು. ಹಿಂದೆ ಮದುಮಗಳು ಕಸ್ತೂರಿ ಇಳಿದಳು. ಆಮೇಲೆ ಮದುಮಗ, ಬೀಗರು, ಐನೋರು ಇಳಿದರು. ಆಮೇಲೆ ಕೊಪ್ಪರಿಗೆ, ಕಟ್ಟಿಗೆ, ಅಕ್ಕಿ ಚೀಲ, ಬಾಳೆ ಎಲೆಯ ಹೊರೆ ಇಳಿದವು. ಕಟ್ಟಕಡೆಗೆ ಊರಿಗೆ ಊರೇ ಇಳಿಯಿತು.

"ಇದೇನಿದು?" ಎಂದ ವರ್ತಕ.

"ಮದುವಿ."

"ಇಲ್ಲಿ?"

"ಸರ ನಮ್ಮ ಊರಿಗೆ ಬರೂದಿಲ್ಲ ಅಂದ್ರಿ. ಅದಕ್ಕ ಊರ ಸರದ ಕಡೆ ಬಂದೈತಿ. ಯಾವಾಗ ಬೇಕಾದ್ರೂ ಅಂದವ್ರು ನೀವ, ಯಾರನ್ನ ಬೇಕಾದ್ರೂ ಅಂದವ್ರು ನೀವ. ಬೀಗರನ್ನ ಬಾಗಿಲದಾಗ ನಿಂದ್ರಸಬಾರ್ದ್ರಿ ಸಾವಕಾರ್ರ, ಒಂದೀಟು ಬದಿಗಿ ನಿಲ್ರಿ."

ವರ್ತಕ ಬದಿಗೆ ನಿಂತ. ಬೇರೆ ದಾರಿ ಇರಲಿಲ್ಲ, ಬಾಗಿಲು ತುಂಬಿಹೋಗಿತ್ತು. "ಗಾಜು! ಗಾಜು ಮುಟ್ಟಬ್ಯಾಡ್ರಿ!" ಎಂದು ಕೂಗುತ್ತ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಓಡಿದ. ಯಾರೂ ಮುಟ್ಟಲಿಲ್ಲ. ಆದರೆ ರಾವ್ ಬಹದ್ದೂರರ ಬಿಲ್ಲೆಗಳ ಪೆಟ್ಟಿಗೆಗೆ ಬೆನ್ನು ಕೊಟ್ಟು ನಾಲ್ವರು ಮುದುಕರು ಎಲೆ ಅಡಿಕೆ ಹಾಕಿಕೊಂಡು ಕೂತರು. ದರ್ಬಾರಿನ ಪದಕಗಳ ಮೇಲೆ ಯಾರೋ ಒಬ್ಬಳು ಕೂಸಿನ ಕುಲಾಯಿ ಬಿಚ್ಚಿಟ್ಟಳು.

ಹೆಂಡತಿ ಒಳಗಿನಿಂದ ಬಂದು ನೋಡಿದಳು. ಅವಳ ಪಡಸಾಲೆಯಲ್ಲಿ ಮಂದಿ ಕೂತಿದ್ದರು! ಬಾಯಿಗೆ ಸೆರಗು ಹಿಡಿದು ನಕ್ಕಳು.

"ಕರದವ್ರು ನೀವ, ನೀವ ನಿಂತು ನೋಡ್ಕೋರಿ" ಎಂದಳು ಗಂಡನಿಗೆ. "ನಾ ಅಕ್ಕಿ ತೊಳೀತೀನಿ." ಸೀರೆ ಎತ್ತಿ ಕಟ್ಟಿ ಒಲೆಯ ಕಡೆ ಹೋದಳು.

ಏಳು ಪದಕಗಳ ಪೆಟ್ಟಿಗೆಯ ಮುಂದೆ ಹಸೆ ಹಾಸಿದರು. ಹಸೆಯ ಮೇಲೆ ಕಸ್ತೂರಿ ನಿಂತಳು. ಬಾಳವ್ವ ಹೆಸರು ಕೂಗಲು ಗಾಜಿನ ಹತ್ತಿರ ಬಗ್ಗಿದಳು. ಬಗ್ಗಿದವಳು ಹೌಹಾರಿದಳು.

"ಅಯ್ಯ ನನ ಶಿವನ! ಇವನ ಮೈಮ್ಯಾಲಿನ ಅರಿಶಿಣ ಎಲ್ಲಿ ಹೋತು? ಸಾವಕಾರ್ರ, ಇಷ್ಟ ಮಂದಿಯೊಳಗ ಇವನ್ನ ಬತ್ತಲೆ ನಿಂದ್ರಸೀರೇನು?"

ಹೆಂಗಸರೆಲ್ಲ ಮುಂದೆ ನುಗ್ಗಿ ನೋಡಿದರು. ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ಮತ್ತೆ ನೋಡಿದರು. ನಗು ಕೊಪ್ಪರಿಗೆಯ ಅನ್ನದ ಹಾಗೆ ಉಕ್ಕಿತು. ಆಗ ವರ್ತಕನಿಗೆ ಗೊತ್ತಾಯಿತು. ಅವನು ಕೊಳೆ ಎಂದು ತೊಳೆದದ್ದು ಕೊಳೆಯಾಗಿರಲಿಲ್ಲ. ಬಾಳವ್ವನ ಮದುವೆಯಿಂದ ಈಚೆಗೆ ಹೆಂಗಸರು ಆ ಸವಾರನಿಗೆ ತೊಡಿಸುತ್ತ ಬಂದ ಅಂಗಿ ಅದು. ಮದುವೆಯಲ್ಲಿ ತಲೆಬುರುಡೆ ಕಾಣಬಾರದೆಂದು ಅದಕ್ಕೂ ಒಂದಿಷ್ಟು ಮೆತ್ತುತ್ತಿದ್ದರು.

ನಗು ನಿಂತಿತು. ಬಾಳವ್ವನ ಬೆರಳು ಗಾಜಿನ ಮೇಲೆ ಆ ಕಡೆ ಈ ಕಡೆ ಸರಿದಾಡುತ್ತಿತ್ತು. ದಾರದ ಮೇಲೆ ಯಾರ ಪಕ್ಕದಲ್ಲಿ ಯಾರು ಎಂಬುದು ಅವಳಿಗೆ ಗೊತ್ತಿತ್ತು. ಈಗ ದಾರವೂ ಇಲ್ಲ, ಸಾಲೂ ಇಲ್ಲ. ಏಳು ಬತ್ತಲೆ ಸವಾರರು, ಏಳೂ ಒಂದೇ ತರಹ.

"ಇದರಾಗ ಯಾರು ಯಾರು ಅಂತ ತಿಳೀವಲ್ದು" ಎಂದಳು.

ಹಲಗೆಯವನು ಬಡಿಯುವುದನ್ನು ನಿಲ್ಲಿಸಿದ. ಐನೋರು ಮುಹೂರ್ತ ಮೀರುತ್ತಿದೆ ಎಂದರು. ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಮದುಮಗನ ಸೋದರಮಾವ ಎದ್ದು ಹೇಳಿದ: "ಅದಕ್ಯಾಕ ಅಷ್ಟು? ಬಾಯಿಲೆ ಏಳು ಹೆಸರ ಅಂದು ಅಕ್ಷತಿ ಹಾಕಿಬಿಡ್ರಿ. ಇಲ್ಲಾಂದ್ರ ನಾವು ಬಂಡಿ ಹೂಡತೇವಿ."

"ಹೌದೇನ ಮಾವ?" ಎಂದಳು ಬಾಳವ್ವ. "ಹಂಗಾರ ಊಟದಾಗ ನಿನ್ನ ಬಿಟ್ಟು ನಿನ್ನ ಹೆಸರಿಗೆ ಎಡಿ ಬಡಸಲೇನು?"

ಸೋದರಮಾವ ಕೂತುಬಿಟ್ಟ. ಆದರೆ ಮುಹೂರ್ತ ಕೂರಲಿಲ್ಲ.

ಎಲ್ಲರೂ ವರ್ತಕನ ಕಡೆ ತಿರುಗಿದರು. ಹೆಸರು ಇದ್ದದ್ದು ಅಂಚಿನಲ್ಲಿ. ಅಂಚು ಇದ್ದದ್ದು ಮಕಮಲ್ಲಿನಲ್ಲಿ ಹುಗಿದು. ಪೆಟ್ಟಿಗೆ ತೆಗೆಯದೆ ಓದಲು ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ ಬರುತ್ತಿದ್ದವನು ಅಲ್ಲಿ ಅವನೊಬ್ಬನೇ. ಯಾರೂ ಕೈ ಮುಗಿಯಲಿಲ್ಲ, ಯಾರೂ ಬೇಡಲಿಲ್ಲ. ಕಸ್ತೂರಿ ತಲೆ ಬಗ್ಗಿಸಿ ನಿಂತಿದ್ದಳು. ಅವಳ ಕೊರಳು ಬರಿದಾಗಿತ್ತು. ಅರಿಶಿಣ ಹಚ್ಚಿದ ಆ ಬರಿಗೊರಳನ್ನು ವರ್ತಕ ನೋಡಿದ. ಅವನು ಇಷ್ಟು ವರ್ಷ ಗಾಜಿನ ಪೆಟ್ಟಿಗೆ ಖಾಲಿ ಉಳಿಯುತ್ತದೆಂದು ಹೆದರಿದ್ದ. ಕೊರಳು ಖಾಲಿ ಉಳಿಯುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಉಡಿದಾರದಿಂದ ಕೀಲಿಕೈ ಬಿಚ್ಚಿದ. ಬೀಗ ತೆಗೆದ. ಮೊದಲನೆಯ ಪದಕವನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದ. ಎಂದಿನ ರೂಢಿಯಂತೆ ಗಂಟಲಲ್ಲೇ ಓದಿಕೊಂಡ.

"ಫಕೀರಪ್ಪ."

"ಬಂದಾನ!"

ಇಡೀ ಪಡಸಾಲೆ ಒಮ್ಮೆಗೇ ಕೂಗಿತು. ಗಾಜುಗಳೆಲ್ಲ ಝಣ್ ಎಂದವು. ವರ್ತಕ ಬೆಚ್ಚಿದ, ಪದಕ ಕೈಯಿಂದ ಜಾರುತ್ತಿತ್ತು. ಭೂತಗನ್ನಡಿ ಹಿಡಿದು ಅವನು ಸಾವಿರ ಹೆಸರು ಓದಿದ್ದ. ಒಂದಾದರೂ ಓಗೊಟ್ಟಿರಲಿಲ್ಲ.

ಬಾಳವ್ವ ಅವನ ಕೈಯಿಂದ ಪದಕ ತೆಗೆದುಕೊಂಡು ಹೊಸ ಕರಿ ದಾರಕ್ಕೆ ಪೋಣಿಸಿದಳು. ಅವನು ಎರಡನೆಯದನ್ನು ತೆಗೆದ.

"ಹುಸೇನಿ."

"ಬಂದಾನ!"

ರೇಷ್ಮೆ ಪಟ್ಟಿಗಳನ್ನು ಅವನೇ ಹರಿದು ಬಿಸಾಡಿದ. ಮೂರನೆಯದಕ್ಕೆ ಅವನ ದನಿ ಗಂಟಲು ಬಿಟ್ಟಿತು. ನಾಲ್ಕನೆಯದಕ್ಕೆ ಎದೆಯಿಂದ ಬಂತು. ಐದನೆಯದಕ್ಕೆ ಅರಳೆ ಹರಾಜಿನಲ್ಲಿ ಕೂಗುವವನ ಹಾಗೆ ಕೈ ಮೇಲೆತ್ತಿ "ದುರಗಪ್ಪಾ!" ಎಂದ. ಕೇರಿಯವರು ಕೂತ ಮೂಲೆಯಿಂದ ಎದ್ದ "ಬಂದಾನ" ಬೀದಿಯ ಆ ತುದಿಗೆ ಕೇಳಿಸಿತು. ಅಕ್ಕಪಕ್ಕದ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಬಾಗಿಲಲ್ಲಿ ನಿಂತರು. ಆರನೆಯದಕ್ಕೆ ಅವರೂ ಕೂಗಿದರು.

ಏಳನೆಯದು ಉಳಿಯಿತು. ವರ್ತಕ ಅದನ್ನು ಬೆಳಕಿಗೆ ಹಿಡಿದ. ಅಕ್ಷರ ಕಂಡವು.

"ಅಡಿವೆಪ್ಪ."

ಯಾರೂ ಕೂಗಲಿಲ್ಲ. ವರ್ತಕ ಮತ್ತೊಮ್ಮೆ ಅಂಚು ನೋಡಿದ. ತಪ್ಪು ಓದಿದೆನೇ ಎಂದು ಬಾಳವ್ವನ ಮುಖ ನೋಡಿದ. ಬಾಳವ್ವ ಮದುಮಗಳ ಕಡೆ ನೋಡುತ್ತಿದ್ದಳು. ತಿರುಗಿ ಬಾರದವನಿಗೆ ಓಗೊಡುವುದು ಮದುಮಗಳ ಪಾಲಿನ ಮಾತು.

ಕಸ್ತೂರಿ ತಲೆ ಎತ್ತಿದಳು. "ಬಂದಾನ" ಎಂದಳು. ಹೊಲದಿಂದ ಅಪ್ಪ ಬಂದ ಎಂದು ಒಳಗಿದ್ದ ಅವ್ವನಿಗೆ ಹೇಳುವ ಹಾಗೆ, ಅಷ್ಟು ಸಹಜವಾಗಿ.

ಆಮೇಲೆ ಗದ್ದಲವೇ ಗದ್ದಲ. ಸವಾರರಿಗೆ ಅಂಗಿ ತೊಡಿಸಲು ಹೆಂಗಸರು ಜಗಳಕ್ಕೆ ಬಿದ್ದರು. ವರ್ತಕನ ಹೆಂಡತಿ ಅರಿಶಿಣ ಕಲಸಿ ಬಟ್ಟಲು ತಂದಳು, ಮೊದಲ ಸವಾರನಿಗೆ ತಾನೇ ಮೆತ್ತಿದಳು. ಅರಿಶಿಣದ ಮುಖ ಹೊರಗೆ, ರಾಜನ ಮುಖ ಒಳಗೆ ಮಾಡಿ ಬಾಳವ್ವ ಸರವನ್ನು ಮೊಮ್ಮಗಳ ಕೊರಳಿಗೆ ಹಾಕಿದಳು.

"ರಾಜನ್ನ ಯಾಕ ಒಳಗ ಮಾಡ್ತೀರಿ, ಆಯಿ?" ಎಂದು ಕೇಳಿದಳು ವರ್ತಕನ ಹೆಂಡತಿ.

"ಹೊರಗಿದ್ರ ಅಂವಗ ನಾವು ಬಗ್ಗಿ ಮುಜುರಿ ಮಾಡಬೇಕಾಗ್ತೈತಿ," ಎಂದಳು ಬಾಳವ್ವ. "ಒಳಗಿದ್ರ ಅಂವ ನಮ್ಮ ಬೆವರ ಒರಸ್ತಾನ."

ಅಕ್ಷತೆ ಬಿತ್ತು. ಮುಚ್ಚಲು ಮರೆತ ಪೆಟ್ಟಿಗೆಗೂ ಬಿತ್ತು, ಖಾಲಿ ಮಕಮಲ್ಲಿನ ಮೇಲೂ ಬಿತ್ತು. ಊಟಕ್ಕೆ ಪಡಸಾಲೆ ಸಾಲದೆ ಬೀದಿಯಲ್ಲೂ ಎಲೆ ಹಾಕಿದರು. ವರ್ತಕ ರುಮಾಲು ಬಿಚ್ಚಿ ಸೊಂಟಕ್ಕೆ ಬಿಗಿದು ಸಾರು ಬಡಿಸಿದ. "ಇನ್ನೊಂದೀಟು ಹಾಕ್ರಿ ಸಾವಕಾರ್ರ, ನಿಮ್ಮ ಮನಿ ಮದುವಿ" ಎಂದು ಸೋದರಮಾವ ಮೂರು ಸಲ ಹಾಕಿಸಿಕೊಂಡ.

ಸಂಜೆ ಬಂಡಿ ಹೂಡಿದರು. ಬಾಳವ್ವ ಸರವನ್ನು ತಂದು ವರ್ತಕನ ಅಂಗೈಯಲ್ಲಿ ಇಟ್ಟಳು.

"ಒಯ್ಯಿ ಆಯಿ, ಇದು ನಿಮ್ಮದು" ಎಂದ. ಅವನ ಕಣ್ಣು ಒದ್ದೆಯಾಗಿತ್ತು.

"ನಮ್ಮದ ಐತಿ. ಅದಕ್ಕ ನಮ್ಮ ಪದ್ಧತಿ ಹೆಂಗೈತಿ ಹಂಗ ಇರಬೇಕು. ಮದುವಿ ಯಾರ ಮನ್ಯಾಗ ಆಗ್ತೈತಿ, ಮುಂದಿನ ಮದುವಿತನಕಾ ಸರ ಅವರ ಮನ್ಯಾಗ. ಹಿಂದಿನ ಪಾಳಿ ಮಲ್ಲೇಶಿದಿತ್ತು, ಈಗ ನಿಮ್ಮ ಪಾಳಿ. ಸುಗ್ಗಿ ಆದ ಮ್ಯಾಲ ದುರಗಪ್ಪನ ಮನಿತನದಾಗ ಲಗ್ನ ಐತಿ. ಕೇರಿಗೆ ನೀವ ತರಬೇಕು. ಹೆಸರ ನೀವ ಕೂಗಬೇಕು. ಊಟಾನೂ ಅಲ್ಲೇ."

ಆ ವರ್ತಕ ಹುಟ್ಟಿದಂದಿನಿಂದ ಕೇರಿಯೊಳಗೆ ಕಾಲಿಟ್ಟವನಲ್ಲ. ಸುಗ್ಗಿ ಆದ ಮೇಲೆ ಹೋದ. ಹೆಂಡತಿಯನ್ನೂ ಕರೆದುಕೊಂಡು ಹೋದ. ಊರು ಕೇಳುವ ಹಾಗೆ ಏಳು ಹೆಸರು ಕೂಗಿದ. ಪಂಕ್ತಿಯಲ್ಲಿ ಕೂತು ಉಂಡ. ಸರವನ್ನು ದುರಗಪ್ಪನ ಮನೆಯಲ್ಲೇ ಬಿಟ್ಟು, ದಾರಿಯುದ್ದಕ್ಕೂ ಹೆಂಡತಿಯ ಜೊತೆ ನಗುತ್ತ, ಬರಿಗೈ ಬೀಸಿಕೊಂಡು ಮನೆಗೆ ಬಂದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಗುತ್ತಿದ್ದ. ನಗುತ್ತಲೇ ಹೇಳಿದ: "ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಆ ಸರಕ್ಕೆ ಒಂದು ಊರಿತ್ತು, ಕೇಳಿಕೊಂಡು ಬರಲು ಬಾಳವ್ವ ಇದ್ದಳು. ನನ್ನ ಪೆಟ್ಟಿಗೆಯಲ್ಲಿರುವ ಪದಕಗಳಿಗೆ ಯಾರೂ ಇಲ್ಲ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ಬಾಗಿಲಿಗೆ ಬಂದಿಲ್ಲ."

"ಎಷ್ಟು ಹೆಸರುಗಳಿವೆ ನಿನ್ನ ಹತ್ತಿರ?"

"ನೂರಾರು."

"ಒಂದನ್ನಾದರೂ ಬಾಯಿಬಿಟ್ಟು ಕೂಗಿದ್ದೀಯಾ?"

ಶಿಷ್ಯನ ನಗು ನಿಂತಿತು.

"ಎದ್ದೇಳು, ಗಾಜು ತೆಗೆ, ಅವರವರ ಊರಿಗೆ ಹೋಗಿ ನಡುಬೀದಿಯಲ್ಲಿ ನಿಂತು ಕೂಗು!" ಎಂದರು ಗುರುಗಳು.